ಯಾವ ಸಮಾರಂಭಕ್ಕೆ ಯಾವ ಸೂಟ್? ಮೊದಲು ಭುಜ, ಆಮೇಲೆ ಬಣ್ಣ

(ದೃಶ್ಯ: ಹ್ಯಾಂಗರ್‌ಗಳಲ್ಲಿ ಮೂರು ಸೂಟ್. ನೇವಿ ಬ್ಲೂ, ಚಾರ್ಕೋಲ್ ಗ್ರೇ, ಕಪ್ಪು.)

ನಮಸ್ಕಾರ. ಮುಂದಿನ ವಾರ ಇಂಟರ್‌ವ್ಯೂ, ಅದಾದ ಮೇಲೆ ಗೆಳೆಯನ ಮದುವೆ, ಒಂದು ಸೂಟ್ ತಗೊಳ್ಳೋಣ ಅಂತ ಹೊರಟವರ ಕೈ ಮೊದಲು ಹೋಗುವುದು ಕಪ್ಪು ಸೂಟಿನ ಮೇಲೆ. ಕಪ್ಪಾದರೆ ಎಲ್ಲದಕ್ಕೂ ಆಯ್ತಲ್ಲ ಅನ್ನುವ ಲೆಕ್ಕ. ನಾನು ಹೇಳುವುದು, ಮೊದಲ ಸೂಟ್ ಕಪ್ಪು ಬೇಡ. ಹಗಲಿನ ಬೆಳಕಿನಲ್ಲಿ ಕಪ್ಪು ತೀರಾ ಬಿಗುವಾಗಿ ಕಾಣುತ್ತದೆ, ಸಣ್ಣ ಧೂಳಿನ ಕಣವೂ ಅದರ ಮೇಲೆ ಎದ್ದು ತೋರುತ್ತದೆ. ಕಪ್ಪಿಗೆ ಅದರದೇ ಆದ ಹೊತ್ತಿದೆ, ಅದಕ್ಕೆ ಆಮೇಲೆ ಬರೋಣ.

ಒಂದೇ ಒಂದು ಸೂಟ್ ಕೊಳ್ಳುವುದಾದರೆ ನೇವಿ ಬ್ಲೂ ಕೊಳ್ಳಿ. ಗೆರೆಯಿಲ್ಲದ, ಚೌಕಳಿಯಿಲ್ಲದ, ಹೊಳಪಿಲ್ಲದ ನೇವಿ ಬ್ಲೂ. ಎರಡನೆಯದು ಚಾರ್ಕೋಲ್ ಗ್ರೇ, ಅಂದರೆ ಇದ್ದಿಲಿನಂಥ ಗಾಢ ಬೂದು. ಈ ಎರಡಿದ್ದರೆ ಹೆಚ್ಚಿನವರ ಬದುಕಿನ ಬಹುತೇಕ ಸಮಾರಂಭಗಳು ಸುಸೂತ್ರವಾಗಿ ಸಾಗುತ್ತವೆ.

(ದೃಶ್ಯ: ಟ್ರಯಲ್ ರೂಮಿನ ಕನ್ನಡಿ. ಕ್ಯಾಮೆರಾ ಭುಜದ ಹೊಲಿಗೆಯ ಹತ್ತಿರಕ್ಕೆ.)

ಸಮಾರಂಭದ ಮಾತಿಗೆ ಮುಂಚೆ ಅಳತೆ. ಮೈಗೆ ಹೊಂದದ ಸೂಟ್ ಎಷ್ಟೇ ದುಬಾರಿಯಾಗಿದ್ದರೂ ಯಾವ ಸಮಾರಂಭಕ್ಕೂ ಸಲ್ಲುವುದಿಲ್ಲ. ಜಾಕೆಟ್ ಹಾಕಿಕೊಂಡ ಕೂಡಲೇ ಸೊಂಟ ನೋಡಬೇಡಿ, ಭುಜ ನೋಡಿ. ತೋಳು ಭುಜಕ್ಕೆ ಕೂಡುವ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವ ಜಾಗದಲ್ಲೇ ಇರಬೇಕು. ಹೊರಗೆ ಚಾಚಿದ್ದರೆ ಅದರ ಕೆಳಗೆ, ತೋಳಿನ ಮೇಲ್ಭಾಗದಲ್ಲಿ ಬಟ್ಟೆ ಗುಳಿ ಬೀಳುತ್ತದೆ. ಒಳಗೆ ಎಳೆದಿದ್ದರೆ ತೋಳು ಉಬ್ಬಿ ನಿಲ್ಲುತ್ತದೆ. ಗೋಡೆಗೆ ಪಕ್ಕವಾಗಿ ನಿಂತು ನಿಧಾನಕ್ಕೆ ಒರಗಿ ನೋಡಿ. ತೋಳಿಗಿಂತ ಮೊದಲು ಭುಜದ ಪ್ಯಾಡ್ ಗೋಡೆಗೆ ತಾಗಿ ಮುದುಡಿದರೆ ಆ ಜಾಕೆಟ್ ನಿಮಗೆ ದೊಡ್ಡದು.

ಭುಜಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಅದನ್ನು ಆಮೇಲೆ ಸರಿ ಮಾಡಿಸುವುದು ಬಲು ಕಷ್ಟ. ಪ್ಯಾಂಟಿನ ಉದ್ದ, ಸೊಂಟದ ಸುತ್ತಳತೆ, ಜಾಕೆಟಿನ ಪಕ್ಕದ ಸಡಿಲ, ಇವೆಲ್ಲ ಟೈಲರ್‌ಗೆ ದಿನನಿತ್ಯದ ಕೆಲಸ. ಭುಜ ತಿದ್ದಬೇಕೆಂದರೆ ತೋಳು ಬಿಚ್ಚಿ, ಒಳಗಿನ ಪ್ಯಾಡ್ ತೆಗೆದು, ಹೆಚ್ಚುಕಮ್ಮಿ ಜಾಕೆಟನ್ನೇ ಹೊಸದಾಗಿ ಕಟ್ಟಬೇಕು. ಜಾಕೆಟಿನ ಉದ್ದವೂ ಹಾಗೆಯೇ. ಅದನ್ನು ಹೆಚ್ಚು ಕತ್ತರಿಸಿದರೆ ಜೇಬುಗಳು ಅಂಚಿಗೆ ಬಂದು ಕೂರುತ್ತವೆ. ಹಾಗಾಗಿ ಭುಜ ಮತ್ತು ಉದ್ದ ಅಂಗಡಿಯಲ್ಲೇ ಸರಿ ಇರಬೇಕು, ಉಳಿದದ್ದನ್ನು ಟೈಲರ್‌ಗೆ ಬಿಡಿ. ಸೂಟಿಗೆ ಇಟ್ಟುಕೊಂಡ ಹಣದಲ್ಲಿ ಒಂದಿಷ್ಟನ್ನು ಆಲ್ಟರೇಷನ್‌ಗೆ ಮೊದಲೇ ತೆಗೆದಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸಾಧಾರಣ ಸೂಟ್ ಒಳ್ಳೆಯ ಟೈಲರ್ ಕೈಗೆ ಹೋಗಿ ಬಂದರೆ, ಅಳತೆ ತಪ್ಪಿದ ದುಬಾರಿ ಸೂಟಿಗಿಂತ ಚೆನ್ನಾಗಿ ಕಾಣುತ್ತದೆ.

ಆಮೇಲೆ ಕಾಲರ್. ಜಾಕೆಟಿನ ಕಾಲರ್ ಕತ್ತಿನ ಹಿಂದೆ ಶರ್ಟಿನ ಕಾಲರ್‌ಗೆ ಅಂಟಿಕೊಂಡಿರಬೇಕು, ನಡುವೆ ಸಂದು ಕಾಣಬಾರದು. ಮೇಲಿನ ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಎಕ್ಸ್ ಆಕಾರದ ಸುಕ್ಕು ಮೂಡಿದರೆ ಬಿಗಿಯಾಗಿದೆ ಎಂದರ್ಥ. ಕೈ ಇಳಿಬಿಟ್ಟು ನಿಂತಾಗ ಜಾಕೆಟ್ ತೋಳಿನಾಚೆ ಶರ್ಟಿನ ಅಂಚು ಒಂದು, ಒಂದೂವರೆ ಸೆಂಟಿಮೀಟರ್ ಕಾಣಲಿ. ತೋಳಿನ ಗುಂಡಿಗಳಿಗೆ ನಿಜವಾದ ಕಾಜಾ ಇದ್ದರೆ ಹುಷಾರು. ಅಂಥ ತೋಳನ್ನು ಕೆಳಗಿನಿಂದ ಗಿಡ್ಡ ಮಾಡಲು ಆಗುವುದಿಲ್ಲ, ಭುಜದ ಕಡೆಯಿಂದ ಬಿಚ್ಚಬೇಕಾಗುತ್ತದೆ.

(ದೃಶ್ಯ: ಬಟ್ಟೆಯ ತುಂಡನ್ನು ಬೆರಳುಗಳ ನಡುವೆ ಉಜ್ಜುತ್ತಿರುವ ಕೈ.)

ಇನ್ನು ಬಟ್ಟೆ. ಉಣ್ಣೆ ಅಂದರೆ ಚಳಿಗಾಲದ್ದು ಅಂತ ಎಷ್ಟೋ ಜನ ದೂರ ಸರಿಯುತ್ತಾರೆ. ತೆಳು ಉಣ್ಣೆಯ ಬಟ್ಟೆ ಗಾಳಿಯಾಡಲು ಬಿಡುತ್ತದೆ, ಬೆವರು ಹೀರುತ್ತದೆ, ರಾತ್ರಿಯಿಡೀ ತೂಗುಹಾಕಿದರೆ ಸುಕ್ಕೂ ತಾನಾಗಿಯೇ ಬಿಡುತ್ತದೆ. ಬಟ್ಟೆಯ ತೂಕವನ್ನು ಮೀಟರಿಗೆ ಇಷ್ಟು ಗ್ರಾಂ ಅಂತ ಹೇಳುತ್ತಾರೆ. 240ರಿಂದ 280 ಗ್ರಾಂ ಇದ್ದರೆ ವರ್ಷದ ಹೆಚ್ಚು ಕಾಲ ಹಾಕಬಹುದು. ಸೆಕೆ ಹೆಚ್ಚಿದ್ದಲ್ಲಿ ಅದಕ್ಕಿಂತ ಹಗುರವಾದ, ಅಥವಾ ಬಿಡಿಬಿಡಿಯಾಗಿ ನೇಯ್ದ ಬಟ್ಟೆ ನೋಡಿ. ಪಾಲಿಯೆಸ್ಟರ್ ಹೆಚ್ಚಿದ್ದರೆ ಬೆವರು ಒಳಗೇ ನಿಲ್ಲುತ್ತದೆ, ಫೋಟೋದ ಫ್ಲ್ಯಾಷ್‌ಗೆ ಬಟ್ಟೆ ಮಿಂಚುತ್ತದೆ.

ಲೇಬಲ್ ಮೇಲೆ ಸೂಪರ್ 100, ಸೂಪರ್ 150 ಅಂತ ಬರೆದಿರುತ್ತಾರೆ. ಅದು ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದರ ಅಳತೆ. ಸೂಪರ್ 100ರಲ್ಲಿ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ ಮೀರಬಾರದು, ಸೂಪರ್ 150ರಲ್ಲಿ 16.25. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಂಖ್ಯೆ ಏರಿದಷ್ಟೂ ಬಟ್ಟೆ ನಯ, ಬೆಲೆಯೂ ಜಾಸ್ತಿ. ಆದರೆ ಬಾಳಿಕೆ ಕಡಿಮೆ, ಸುಕ್ಕು ಬೇಗ. ವಾರಕ್ಕೆರಡು ಸಲ ಆಫೀಸಿಗೆ ಹಾಕುವ ಸೂಟಿಗೆ ಸೂಪರ್ 100ರಿಂದ 120 ಧಾರಾಳವಾಗಿ ಸಾಕು.

(ದೃಶ್ಯ: ಸಂದರ್ಶನದ ಕೋಣೆ. ಮೇಜಿನಾಚೆ ಇಬ್ಬರು.)

ಈಗ ಸಮಾರಂಭಗಳಿಗೆ ಬರೋಣ. ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಅಂದು ಎಲ್ಲರ ಕಣ್ಣು ಯಾರ ಮೇಲಿರಬೇಕು?

ಇಂಟರ್‌ವ್ಯೂನಲ್ಲಿ ನಿಮ್ಮ ಮಾತಿನ ಮೇಲೆ. ನೇವಿ ಅಥವಾ ಚಾರ್ಕೋಲ್, ಬಿಳಿ ಇಲ್ಲವೇ ತಿಳಿನೀಲಿ ಶರ್ಟ್, ಸಾದಾ ಟೈ. ಜೇಬಿನಲ್ಲಿ ಬಣ್ಣದ ಕರವಸ್ತ್ರ ಬೇಡ. ಹೊರಬಂದ ಮೇಲೆ ಅವರಿಗೆ ನಿಮ್ಮ ಉತ್ತರಗಳು ನೆನಪಿರಲಿ. ಕೂತಾಗ ಜಾಕೆಟ್ ಹೇಗಿರುತ್ತದೆ ಅಂತ ಮನೆಯಲ್ಲೇ ಕುರ್ಚಿಯ ಮೇಲೆ ಕೂತು ನೋಡಿಕೊಳ್ಳಿ, ಯಾಕೆಂದರೆ ಅಲ್ಲಿ ಹೆಚ್ಚು ಹೊತ್ತು ಕೂತೇ ಇರುತ್ತೀರಿ.

ಮದುವೆಯಲ್ಲಿ ಎಲ್ಲರ ಕಣ್ಣು ವಧೂವರರ ಮೇಲಿರಬೇಕು. ಅತಿಥಿಯಾಗಿ ಹೋಗುವವರು ಚೆನ್ನಾಗಿ ಕಾಣಬೇಕು, ವರನನ್ನು ಮೀರಿಸಬಾರದು. ವರ ಏನು ಹಾಕುತ್ತಾನೆ ಅಂತ ಮೊದಲೇ ವಿಚಾರಿಸಿ, ಆ ಬಣ್ಣ ಬಿಡಿ. ಹಗಲಿನ ಮದುವೆಗೆ ತಿಳಿ ಬೂದು, ಮಧ್ಯಮ ನೀಲಿ, ಬಯಲಿನಲ್ಲಾದರೆ ಲಿನನ್ ಕೂಡ ಸೊಗಸು. ಲಿನನ್ ಸುಕ್ಕಾಗುತ್ತದೆ, ಆ ಸುಕ್ಕೇ ಅದರ ಅಂದ. ಸುಕ್ಕು ಸಹಿಸದವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು. ಇಷ್ಟು ದಿನ ಒಳಗಿಟ್ಟ ಟೈ, ಕರವಸ್ತ್ರ, ಚೌಕಳಿ ಬಟ್ಟೆ ಎಲ್ಲಕ್ಕೂ ಇಲ್ಲಿ ಜಾಗವಿದೆ, ಖುಷಿಯಾಗಿ ಹಾಕಿ.

ಶೋಕದ ಸಭೆಗೆ ಚಾರ್ಕೋಲ್ ಅಥವಾ ಕಪ್ಪು, ಹೊಳೆಯುವ ಟೈ ಬೇಡ. ಅಷ್ಟೇ.

(ದೃಶ್ಯ: ಸಂಜೆಯ ದೀಪಗಳು. ರೇಷ್ಮೆ ಲ್ಯಾಪೆಲ್‌ನ ಡಿನ್ನರ್ ಜಾಕೆಟ್.)

ಕಪ್ಪಿನ ಹೊತ್ತು ಬರುವುದು ದೀಪ ಹಚ್ಚಿದ ಮೇಲೆ. ಆಮಂತ್ರಣದಲ್ಲಿ ಬ್ಲ್ಯಾಕ್ ಟೈ ಅಂತಿದ್ದರೆ, ಅದು ಸಂಜೆಯ ಔಪಚಾರಿಕ ಉಡುಪಿನ ಸೂಚನೆ, ಮಾಮೂಲಿ ಕಪ್ಪು ಸೂಟ್ ಸಾಲದು, ಡಿನ್ನರ್ ಜಾಕೆಟ್ ಬೇಕು. ಲ್ಯಾಪೆಲ್‌ಗೆ, ಅಂದರೆ ಎದೆಯ ಮೇಲೆ ಹೊರಕ್ಕೆ ಮಡಚಿದ ಅಂಚಿಗೆ, ರೇಷ್ಮೆಯ ಹೊದಿಕೆ, ಪ್ಯಾಂಟಿನ ಪಕ್ಕದಲ್ಲಿ ಉದ್ದಕ್ಕೂ ಪಟ್ಟಿ, ಬೆಲ್ಟ್ ಇಲ್ಲ, ಜೊತೆಗೆ ಬೋ ಟೈ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಸಂಸ್ಥೆ, 1865ರಲ್ಲಿ ವೇಲ್ಸ್‌ನ ರಾಜಕುಮಾರನಿಗೆ ತಾನು ಹೊಲಿದುಕೊಟ್ಟ ಗಿಡ್ಡ ಕೋಟೇ ಇದರ ಮೂಲ ಎಂದು ಹೇಳಿಕೊಳ್ಳುತ್ತದೆ. ಆತನೇ ಮುಂದೆ ಏಳನೇ ಎಡ್ವರ್ಡ್ ದೊರೆಯಾದ. ಆತನ ಮೊಮ್ಮಗ, ಡ್ಯೂಕ್ ಆಫ್ ವಿಂಡ್ಸರ್, ಕಪ್ಪಿನ ಬದಲು ಮಿಡ್‌ನೈಟ್ ಬ್ಲೂ ಮೆಚ್ಚಿದ. ದೀಪದ ಬೆಳಕಿನಲ್ಲಿ ಕಪ್ಪು ಬಟ್ಟೆ ಕೆಲವೊಮ್ಮೆ ಹಸಿರು ಛಾಯೆಗೆ ತಿರುಗಿ ಕಾಣುತ್ತದೆ, ಗಾಢ ನೀಲಿಯೇ ಅಪ್ಪಟ ಕಪ್ಪಾಗಿ ತೋರುತ್ತದೆ. ಡಿನ್ನರ್ ಜಾಕೆಟ್ ಕೊಳ್ಳುವವರಿಗೆ ನನ್ನ ಸಲಹೆಯೂ ಮಿಡ್‌ನೈಟ್ ಬ್ಲೂ. ವರ್ಷಕ್ಕೊಮ್ಮೆಯೂ ಬೇಕಾಗದಿದ್ದರೆ ಬಾಡಿಗೆಗೆ ತನ್ನಿ, ಅದರಲ್ಲೇನೂ ಸಂಕೋಚ ಬೇಡ.

ಬ್ಲ್ಯಾಕ್ ಟೈ ಅಂತ ಬರೆಯದ ಸಂಜೆ ಪಾರ್ಟಿಗೆ ನಿಮ್ಮ ನೇವಿ ಸೂಟೇ ಸಾಕು. ಟೈ ತೆಗೆದು, ಶರ್ಟ್ ಬದಲಿಸಿ ಹೊರಡಿ.

(ದೃಶ್ಯ: ಜಾಕೆಟಿನ ಹಿಂಭಾಗ. ಸೀಳಿನ ಮೇಲೆ ಎಕ್ಸ್ ಆಕಾರದ ದಾರ. ಸಣ್ಣ ಕತ್ತರಿ.)

ಹೊಸ ಸೂಟ್ ಮನೆಗೆ ತಂದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಜಾಕೆಟಿನ ಹಿಂದಿನ ಸೀಳು ಬಿಚ್ಚಿಕೊಳ್ಳದಿರಲಿ ಅಂತ ಕಾರ್ಖಾನೆಯಲ್ಲಿ ದಾರದಿಂದ ಎಕ್ಸ್ ಹಾಕಿರುತ್ತಾರೆ. ಅದನ್ನು ಕತ್ತರಿಸಿ. ತೋಳಿನ ಮೇಲೆ ಹೊಲಿದ ಬ್ರ್ಯಾಂಡಿನ ಪಟ್ಟಿಯನ್ನೂ ಬಿಚ್ಚಿ. ಈ ಎರಡನ್ನೂ ಹಾಗೇ ಬಿಟ್ಟು ಸಮಾರಂಭಕ್ಕೆ ಬರುವವರನ್ನು ನೋಡಿದಾಗಲೆಲ್ಲ ಹೋಗಿ ಮೆಲ್ಲಗೆ ಹೇಳಿಬಿಡೋಣ ಅನ್ನಿಸುತ್ತದೆ. ಎದೆಯ ಜೇಬಿನ ಕಚ್ಚಾ ಹೊಲಿಗೆ ಬಿಚ್ಚಿ, ಕೆಳಗಿನ ಜೇಬುಗಳದ್ದನ್ನು ಬೇಕಾದರೆ ಹಾಗೇ ಬಿಡಿ. ಏನನ್ನೂ ತುರುಕದಿದ್ದರೆ ಜಾಕೆಟ್ ಜೋತುಬೀಳುವುದಿಲ್ಲ.

ಎರಡು ಗುಂಡಿಯ ಜಾಕೆಟ್‌ನಲ್ಲಿ ಮೇಲಿನದನ್ನು ಮಾತ್ರ ಹಾಕಿ. ದಪ್ಪಗಿದ್ದ ಅದೇ ಎಡ್ವರ್ಡ್ ದೊರೆ ಕೆಳಗಿನ ಗುಂಡಿ ಬಿಟ್ಟಿದ್ದರಿಂದ ಈ ರೂಢಿ ಬಂತು ಅನ್ನುವ ಕಥೆಯಿದೆ. ಕಥೆ ಹೇಗೇ ಇರಲಿ, ಈಗ ಜಾಕೆಟ್‌ಗಳನ್ನು ಕತ್ತರಿಸುವುದೇ ಹಾಗೆ, ಕೆಳಗಿನದನ್ನೂ ಹಾಕಿದರೆ ಸೊಂಟದ ಬಳಿ ಬಟ್ಟೆ ಎಳೆಯುತ್ತದೆ. ಕೂರುವಾಗ ಮೇಲಿನದನ್ನೂ ಬಿಚ್ಚಿ, ಎದ್ದಾಗ ಮತ್ತೆ ಹಾಕಿಕೊಳ್ಳಿ. ಡಬಲ್ ಬ್ರೆಸ್ಟೆಡ್, ಅಂದರೆ ಮುಂಭಾಗ ಒಂದರ ಮೇಲೊಂದು ಬಂದು ಎರಡು ಸಾಲು ಗುಂಡಿ ಇರುವ ಜಾಕೆಟ್ ಆದರೆ, ಕೂತಾಗಲೂ ಹಾಕಿಯೇ ಇರಲಿ.

ಮನೆಗೆ ಬಂದ ಮೇಲೆ ಅಗಲ ಭುಜದ ಹ್ಯಾಂಗರ್‌ಗೆ ಹಾಕಿ, ಬ್ರಷ್‌ನಿಂದ ಧೂಳು ಒರೆಸಿ, ಮಾರನೇ ದಿನ ಅದಕ್ಕೆ ರಜೆ ಕೊಡಿ. ಪ್ರತಿ ಸಲ ಡ್ರೈಕ್ಲೀನ್‌ಗೆ ಕಳಿಸಬೇಡಿ, ಬಟ್ಟೆ ಬೇಗ ಸವೆಯುತ್ತದೆ. ಕಳಿಸುವಾಗ ಜಾಕೆಟ್, ಪ್ಯಾಂಟ್ ಎರಡನ್ನೂ ಒಟ್ಟಿಗೇ ಕೊಡಿ, ಇಲ್ಲದಿದ್ದರೆ ಒಂದರ ಬಣ್ಣ ಇನ್ನೊಂದಕ್ಕೆ ಹೊಂದದ ಹಾಗಾಗುತ್ತದೆ.

ಶರ್ಟಿನ ಕಾಲರ್ ಮತ್ತು ಟೈ ಅಗಲದ ವಿಷಯ ಇನ್ನೂ ಇದೆ. ಅದನ್ನು ಮುಂದಿನ ವಿಡಿಯೋದಲ್ಲಿ ನೋಡೋಣ.