ಡುರಮ್ ಗೋಧಿ ಗ್ಲುಟನ್ ಎಷ್ಟು ಗಟ್ಟಿ? ಒಂದು ಗ್ರಾಂ ಹಿಟ್ಟಲ್ಲಿ ನೋಡೋಣ

ಡುರಮ್ ಅಂದ್ರೆ ಪಾಸ್ತಾ, ಶಾವಿಗೆಗೆ ಬಳಸೋ ಗೋಧಿ, ಗ್ಲುಟನ್ ಅಂದ್ರೆ ನಾದಿದಾಗ ಹಿಟ್ಟಿಗೆ ಜಿಗುಟು ಕೊಡೋ ಪ್ರೋಟೀನ್. ಒಂದು ಸಾಲು ಟ್ಯೂಬ್ ಊಹಿಸ್ಕೊಳ್ಳಿ, ಇರೋದೆಲ್ಲ ಡುರಮ್ ಗೋಧಿ ಹಿಟ್ಟು, ಒಂದೊಂದರಲ್ಲೂ ಬೇರೆ ಬೇರೆ ಲೈನ್‌ದು, ಅಂದ್ರೆ ಹೊಸ ತಳಿಗೆ ಅಂತ ಬೆಳೆಸ್ತಿರೋ ಬೇರೆ ಬೇರೆ ವಂಶದ್ದು. ಹಾಕಿರೋದು ಮಾತ್ರ ಎಲ್ಲದಕ್ಕೂ ಒಂದೇ, ನೀರು, ಎಸ್‌ಡಿಎಸ್ ಅನ್ನೋ ಡಿಟರ್ಜೆಂಟ್, ಜೊತೆಗೆ ಲ್ಯಾಕ್ಟಿಕ್ ಆಸಿಡ್. ಅಲ್ಲಾಡಿಸಿ ಸುಮ್ನೆ ನಿಲ್ಲಿಸಿದ್ರೆ ಕೆಲವು ಉಬ್ಬಿಕೊಂಡು ಎತ್ತರಕ್ಕೆ ನಿಲ್ತವೆ, ಕೆಲವು ಬೇಗ ತಳ ಸೇರ್ತವೆ. ಗ್ಲುಟನ್‌ನ ಒಂದು ಭಾಗವಾದ ಗ್ಲುಟೆನಿನ್ ಪ್ರೋಟೀನ್ ಗಟ್ಟಿ ಇದ್ರೆ ಚೆನ್ನಾಗಿ ಊದಿಕೊಂಡು ನಿಧಾನಕ್ಕೆ ಕೂರತ್ತೆ, ಅದರ ಎತ್ತರ ಅಳೆದ್ರೆ ಆಯ್ತು. ಇದೇ ಎಸ್‌ಡಿಎಸ್ ಸೆಡಿಮೆಂಟೇಶನ್ ಟೆಸ್ಟ್, ಒಂದು ಗ್ರಾಂ ಹಿಟ್ಟಿದ್ರೆ ಸಾಕು.

ನಂಗೆ ಇದು ಇಷ್ಟ ಆಗೋಕೆ ಕಾರಣ ಏನಂದ್ರೆ, ತಳಿ ಮಾಡೋವಾಗ ಶುರುವಿನ ತಲೆಮಾರಲ್ಲಿ ಒಂದು ಗಿಡದಿಂದ ಸಿಗೋದೇ ಸ್ವಲ್ಪ ಕಾಳು, ಅದರಲ್ಲಿ ಬಿತ್ತನೆಗೂ ಉಳಿಸ್ಬೇಕು, ಪಾಸ್ತಾ ಮಾಡಿ ಬೇಯಿಸಿ ನೋಡೋಕೆ ಎಲ್ಲಿಂದ ತರೋದು? ಗ್ಲುಟನ್ ಇಂಡೆಕ್ಸ್ ಅನ್ನೋ ಇನ್ನೊಂದು ಟೆಸ್ಟ್‌ಗೆ 10 ಗ್ರಾಂ ಬೇಕು, ಹಿಟ್ಟು ನಾದಿ ತೊಳೆದು ಉಳಿದ ಗ್ಲುಟನ್ನನ್ನ ಜರಡಿ ಇರೋ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸ್ತಾರೆ, ಜರಡಿ ದಾಟದೆ ಉಳಿದಿದ್ದು ನೂರಕ್ಕೆ ಎಷ್ಟು ಅನ್ನೋದೇ ಇಂಡೆಕ್ಸ್. ಅದು ಕಾಳು ಜಾಸ್ತಿ ಆದ್ಮೇಲಿನ ಮಾತು.

ಒಂದು ವಿಷಯ ಮರೀಬೇಡಿ, ಪ್ರೋಟೀನ್ ಜಾಸ್ತಿ ಇದ್ರೂ ಟ್ಯೂಬಲ್ಲಿ ಎತ್ತರ ಬರತ್ತೆ, ಹಾಗಾಗಿ ಪ್ರೋಟೀನ್ ಪ್ರಮಾಣ ಪಕ್ಕದಲ್ಲಿ ಇಟ್ಕೊಂಡೇ ಓದ್ಬೇಕು. ಪ್ರೋಟೀನ್ ಭರ್ತಿ ಇದ್ದೂ ಗ್ಲುಟನ್ ಸಡಿಲ ಇರೋ ಗೋಧಿ ಬೇಕಾದಷ್ಟಿದೆ, ಅದರ ಪಾಸ್ತಾ ಬೆಂದ್ಮೇಲೆ ಮೆತ್ತಗಾಗಿ ಅಂಟತ್ತೆ. ನಮ್ಮ ಉತ್ತರ ಕರ್ನಾಟಕದಲ್ಲಿ ಬಿಜಗ ಯೆಲ್ಲೋ ತರದ ಡುರಮ್ ಬೆಳ್ದು ಶಾವಿಗೆ ಮಾಡೋರಿಗೆ ಬೆಂದ ಎಳೆ ಬಿಡಿಬಿಡಿಯಾಗಿ ಇರ್ಬೇಕು ಅನ್ನೋದು ಹೇಳ್ಕೊಡೋದೇ ಬೇಡ.

ಈ ಗಟ್ಟಿತನ ಎಲ್ಲಿಂದ ಬರತ್ತೆ? ಬ್ರೆಡ್ ಗೋಧಿಗೆ ಇರೋ ಡಿ ಜೀನೋಮ್ ಅನ್ನೋ ಕ್ರೋಮೋಸೋಮ್ ಗುಂಪು ಡುರಮ್‌ಗೆ ಇಲ್ವೇ ಇಲ್ಲ, ಎ ಮತ್ತು ಬಿ ಅಷ್ಟೇ, ಹಾಗಾಗಿ ಕಾರಣ ಈ ಎರಡರಲ್ಲೇ ಹುಡುಕ್ಬೇಕು. 1970ರ ದಶಕದ ಕೊನೆಗೆ ಫ್ರಾನ್ಸ್‌ನಲ್ಲಿ ಗಾಮಾ ಗ್ಲಿಯಾಡಿನ್ ಅನ್ನೋ ಗ್ಲುಟನ್‌ನ ಇನ್ನೊಂದು ಪ್ರೋಟೀನ್‌ನಲ್ಲಿ 45 ಅನ್ನೋ ನಮೂನೆ ಇರೋ ಡುರಮ್ ಗಟ್ಟಿ, 42 ಅನ್ನೋದು ಇರೋದು ಸಡಿಲ ಅಂತ ಗುರುತಿಸಿದ್ರು. ಆಮೇಲೆ ಗೊತ್ತಾಯ್ತು, ನಿಜವಾದ ಕೆಲಸ ಮಾಡೋದು ಅದರ ಜೊತೆಗೇ 1ಬಿ ಕ್ರೋಮೋಸೋಮ್‌ನಲ್ಲಿ ಸಾಗಿ ಬರೋ ಸಣ್ಣ ಗ್ಲುಟೆನಿನ್‌ಗಳು, ಗ್ಲಿಯಾಡಿನ್ ಬರೀ ಗುರುತು. ಆದ್ರೂ ಆ ಗುರುತು ತುಂಬಾ ಉಪಯೋಗ, ಯಾಕಂದ್ರೆ ಒಂದೇ ಕಾಳನ್ನ ಅರ್ಧ ಕತ್ತರಿಸಿ, ಭ್ರೂಣ ಇಲ್ದೇ ಇರೋ ತುದಿಯಿಂದ ಪ್ರೋಟೀನ್ ತೆಗೆದು, ಕರೆಂಟ್ ಹಾಯಿಸಿ ಜೆಲ್‌ನಲ್ಲಿ ಓಡಿಸಿದ್ರೆ ಪ್ರೋಟೀನ್‌ಗಳು ಬೇರೆ ಬೇರೆ ಗೆರೆಯಾಗಿ, ಅಂದ್ರೆ ಬ್ಯಾಂಡ್ ಆಗಿ ಕಾಣತ್ತೆ, 45 ಬಂದ್ರೆ ಉಳಿದ ಅರ್ಧವನ್ನ ಬಿತ್ತಬಹುದು! 45, 42 ಎರಡೂ ಬ್ಯಾಂಡ್ ಬಂದ್ರೆ ಆ ಕಾಳು ಇನ್ನೂ ಬೆರಕೆ, ಅದರಿಂದ ಬೆಳೆದ ಗಿಡದ ಕಾಳನ್ನ ಮುಂದಿನ ತಲೆಮಾರಲ್ಲಿ ಮತ್ತೆ ಒಂದೊಂದಾಗಿ ನೋಡ್ಬೇಕು.