ವೈದ್ಯಕೀಯ ಸೇವಾ ಸಂಸ್ಥೆಯಲ್ಲಿ ವಿದ್ಯಾರ್ಥಿ ಇಂಟರ್ನ್‌ಗಳ ಕೆಲಸ

ಕೇಳುಗರಿಗೆ ನಮಸ್ಕಾರ. ಅಂತಾರಾಷ್ಟ್ರೀಯ ವೈದ್ಯಕೀಯ ಸೇವಾ ಸಂಸ್ಥೆಗಳಲ್ಲಿ ರಜೆಯ ಎರಡು ಮೂರು ತಿಂಗಳು ಸ್ವಯಂಸೇವಕರಾಗಿ ದುಡಿಯಬೇಕೆಂದು ಆಸೆಪಡುವ ವಿದ್ಯಾರ್ಥಿಗಳು ಬಹಳ ಮಂದಿ. ಮೆಡಿಕಲ್, ನರ್ಸಿಂಗ್, ಫಾರ್ಮಸಿ ಓದುವವರ ಜೊತೆಗೆ ಕಾಮರ್ಸ್, ಕಂಪ್ಯೂಟರ್ ಓದುವವರೂ ಅರ್ಜಿ ಹಾಕುತ್ತಾರೆ. ಸೇರಿದ ಮೇಲೆ ಕೈಗೆ ಬರುವ ಕೆಲಸ ಯಾವುದು, ಅದು ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ, ಇವತ್ತಿನ ಮಾತು ಅದರ ಬಗ್ಗೆ.

ಮೊದಲಿಗೇ ಒಂದು ಗೆರೆ ಎಳೆದುಬಿಡೋಣ. ತನ್ನ ಕಾಲೇಜಿನ ಆಸ್ಪತ್ರೆಯಲ್ಲಿ ಯಾವ ಕೆಲಸ ಮಾಡಲು ವಿದ್ಯಾರ್ಥಿಗೆ ಅನುಮತಿ ಇಲ್ಲವೋ, ಅದನ್ನು ದೂರದ ಶಿಬಿರದಲ್ಲೂ ಮಾಡುವಂತಿಲ್ಲ. ಹೊಲಿಗೆ ಹಾಕುವುದು, ಹಲ್ಲು ಕೀಳುವುದು, ಔಷಧದ ಪ್ರಮಾಣ ನಿರ್ಧರಿಸುವುದು, ಯಾವುದೂ ಸಲ್ಲ. "ಡಾಕ್ಟರು ಬರೋದು ತಡ, ನೀವೇ ಮಾಡಿಬಿಡಿ" ಎಂದು ಯಾರಾದರೂ ಒತ್ತಾಯಿಸುವ ಸಂದರ್ಭ ಬಂದೇ ಬರುತ್ತದೆ. ಇವತ್ತು ಹಾಕಿದ ಹೊಲಿಗೆಯಲ್ಲಿ ಕೀವಾಗುವುದು ನಾಲ್ಕೈದು ದಿನಗಳ ಮೇಲೆ. ಅಷ್ಟರಲ್ಲಿ ಶಿಬಿರ ಬೇರೆ ಊರಿಗೆ ಹೋಗಿರುತ್ತದೆ, ಕಷ್ಟ ಆ ರೋಗಿಯ ಪಾಲಿಗೇ ಉಳಿಯುತ್ತದೆ. 1971ರಲ್ಲಿ ಪ್ಯಾರಿಸ್‌ನಲ್ಲಿ ವೈದ್ಯರೂ ಪತ್ರಕರ್ತರೂ ಸೇರಿ ಕಟ್ಟಿದ, 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಎಮ್‌ಎಸ್‌ಎಫ್ (ಗಡಿಗಳಿಲ್ಲದ ವೈದ್ಯರು) ಸಂಸ್ಥೆ ವೃತ್ತಿ ಅನುಭವ ಇರುವವರನ್ನೇ ಕ್ಷೇತ್ರಕ್ಕೆ ಕಳಿಸುತ್ತದೆ. ಅಲ್ಲಿ ಇಂಟರ್ನ್‌ಗಳ ಜಾಗ ಕಚೇರಿಯಲ್ಲಿ. ಸೀಳುತುಟಿ ಶಸ್ತ್ರಚಿಕಿತ್ಸೆಗೆಂದು 1982ರಲ್ಲಿ ಶುರುವಾದ ಆಪರೇಷನ್ ಸ್ಮೈಲ್‌ನಲ್ಲಿ ವಿದ್ಯಾರ್ಥಿ ಗುಂಪುಗಳೇ ಇವೆ. ಅವರು ಮಾಡುವುದು ಆರೋಗ್ಯ ಶಿಕ್ಷಣ, ನಿಧಿ ಸಂಗ್ರಹದಂಥ ಕೆಲಸ. ಕ್ಷೇತ್ರಕ್ಕೆ ಹೋದ ಮೊದಲ ದಿನವೇ ಆಪರೇಷನ್ ಥಿಯೇಟರಿನಲ್ಲಿ ಕೈಹಾಕಿಸುತ್ತೇವೆ ಎಂದು ಜಾಹೀರಾತು ಕೊಡುವ ಸಂಸ್ಥೆ ಇದ್ದರೆ, ಅದರಿಂದ ದೂರ ಇರುವುದೇ ಒಳ್ಳೆಯದು.

ಹೊರಡುವ ಮುಂಚಿನ ತಯಾರಿಯಲ್ಲಿ ತಡವಾಗಿ ನೆನಪಾಗುವುದು ಹೆಪಟೈಟಿಸ್ ಬಿ ಲಸಿಕೆ. ಇವತ್ತು ಒಂದು, ತಿಂಗಳಾದ ಮೇಲೆ ಒಂದು, ಮೊದಲನೆಯದಾಗಿ ಆರು ತಿಂಗಳಿಗೆ ಇನ್ನೊಂದು, ಹೀಗೆ ಮೂರು ಡೋಸ್. ಆದ್ದರಿಂದ ಟಿಕೆಟ್ ಕೈಗೆ ಬಂದ ಮೇಲೆ ಲಸಿಕೆಯ ಯೋಚನೆ ಮಾಡಿದರೆ ಕೋರ್ಸ್ ಮುಗಿಯುವುದಿಲ್ಲ. ಅರ್ಜಿ ಹಾಕುವ ದಿನವೇ ಮೊದಲ ಡೋಸ್ ಹಾಕಿಸಿಕೊಳ್ಳಿ.

ಇನ್ನು ಕೆಲಸದ ವಿಷಯ. ಬಹುಪಾಲು ಇಂಟರ್ನ್‌ಗಳನ್ನು ಮೊದಲು ಕಳಿಸುವುದು ಔಷಧದ ಉಗ್ರಾಣಕ್ಕೆ. ಬೇಸರದ ಕೆಲಸ ಅಂತ ಮುಖ ಸಪ್ಪೆ ಮಾಡಿಕೊಳ್ಳುವವರು ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಸಂಸ್ಥೆ ನಿಂತಿರುವುದೇ ಈ ಉಗ್ರಾಣದ ಮೇಲೆ.

ದಾನವಾಗಿ ಬರುವ ಔಷಧಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಮಾರ್ಗಸೂಚಿ ಹೊರಡಿಸಿತು, ಆಮೇಲೆ ಪರಿಷ್ಕರಿಸಿತು. ಅದರ ಕೆಲವು ನಿಯಮಗಳು ಇಂಟರ್ನ್‌ಗೆ ಬಾಯಿಪಾಠ ಆಗಿರಬೇಕು. ಔಷಧ ತಲುಪಬೇಕಾದ ದೇಶ ತಲುಪಿದ ಮೇಲೂ, ಸಾಮಾನ್ಯವಾಗಿ, ಕನಿಷ್ಠ ಒಂದು ವರ್ಷ ಎಕ್ಸ್‌ಪೈರಿಗೆ ಬಾಕಿ ಇರಬೇಕು. ಹಡಗು, ಕಸ್ಟಮ್ಸ್, ಲಾರಿ ಅಂತ ದಾರಿಯಲ್ಲೇ ಕೆಲವು ತಿಂಗಳು ಕಳೆಯುವುದರಿಂದ, ಪೆಟ್ಟಿಗೆ ಕಟ್ಟುವ ದಿನ ಹದಿಮೂರು ತಿಂಗಳು ಉಳಿದಿದ್ದರೆ ಅದು ಸಾಲದು. ರೋಗಿಗಳಿಗೆ ಕೊಟ್ಟು ವಾಪಸ್ ಬಂದ ಮಾತ್ರೆ, ಡಾಕ್ಟರಿಗೆ ಕಂಪನಿಯವರು ಕೊಟ್ಟ ಉಚಿತ ಸ್ಯಾಂಪಲ್, ಇವೆರಡನ್ನೂ ತೆಗೆದುಕೊಳ್ಳುವಂತಿಲ್ಲ. ಅವು ಎಷ್ಟು ಸೆಖೆಯಲ್ಲಿ, ಯಾರ ಡ್ರಾಯರಿನಲ್ಲಿ ಇದ್ದವೋ ಹೇಳುವವರಿಲ್ಲ. ಲೇಬಲ್ ಮೇಲೆ ಜೆನೆರಿಕ್ ಹೆಸರು, ಅಂದರೆ ಕಂಪನಿ ಇಟ್ಟ ಹೆಸರಲ್ಲದೆ ಔಷಧದ ಮೂಲ ಹೆಸರು, ಇರಬೇಕು, ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಬಟ್ಟೆ, ಬಿಸ್ಕತ್ತು, ಔಷಧ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿನವರು ಕೇಳಿದ್ದನ್ನು ಮಾತ್ರ ಕಳಿಸಬೇಕು. ಕೇಳದೆ ಕಳಿಸಿದ ಔಷಧ ಕೊನೆಗೆ ಸುಡಬೇಕಾದ ಕಸವಾಗುತ್ತದೆ, ಸುಡುವ ಖರ್ಚೂ ಪಡೆದವರ ತಲೆಗೇ ಬರುತ್ತದೆ.

ಉಗ್ರಾಣದಲ್ಲಿ ಒಂದು ಪೆಟ್ಟಿಗೆ ಬಂತು ಅಂದುಕೊಳ್ಳಿ. ಐದು ವಿಷಯ ನೋಡಿ ಬರೆಯಬೇಕು: ಜೆನೆರಿಕ್ ಹೆಸರು, ಸ್ಟ್ರೆಂಗ್ತ್ ಅಂದರೆ ಎಷ್ಟು ಮಿಲಿಗ್ರಾಂ, ರೂಪ ಅಂದರೆ ಮಾತ್ರೆಯೋ ಸಿರಪ್ಪೋ ಇಂಜೆಕ್ಷನ್ನೋ, ಬ್ಯಾಚ್ ನಂಬರು, ಎಕ್ಸ್‌ಪೈರಿ. ಹೊಸಬರು ಎಡವುವುದು ಹೆಸರಿನಲ್ಲಿ. ಪ್ಯಾರಸಿಟಮಾಲ್ ಮತ್ತು ಅಸಿಟಮಿನೋಫೆನ್ ಒಂದೇ ಔಷಧ. ಸಾಲ್ಬುಟಮಾಲ್, ಅಲ್ಬ್ಯುಟೆರಾಲ್ ಒಂದೇ. ಅಡ್ರಿನಲಿನ್, ಎಪಿನೆಫ್ರಿನ್ ಒಂದೇ. ಇವನ್ನು ಎರಡು ಸಾಲಿನಲ್ಲಿ ಬರೆದರೆ ಒಂದು ಸಾಲಿನಲ್ಲಿ "ಖಾಲಿ" ಎಂದು ತೋರುತ್ತದೆ, ಪಕ್ಕದ ಕಪಾಟಿನಲ್ಲಿ ರಾಶಿ ಬಿದ್ದಿರುತ್ತದೆ, ತುರ್ತು ಖರೀದಿಗೆ ಆರ್ಡರ್ ಹೋಗುತ್ತದೆ. ದಿನಾಂಕದ್ದೂ ಇದೇ ಪಾಡು. 03/04/2027 ಎಂದಿದ್ದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ, ತಯಾರಿಸಿದ ದೇಶದ ಮೇಲೆ ಹೋಗುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಗೊಂದಲವೇ ಇಲ್ಲ. ತಿಂಗಳು, ವರ್ಷ ಮಾತ್ರ ಅಚ್ಚಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು.

ಜೋಡಿಸುವಾಗ ಮೊದಲು ಬಂದದ್ದು ಮೊದಲು ಹೋಗಲಿ ಎಂಬ ಅಂಗಡಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲು ಎಕ್ಸ್‌ಪೈರಿ ಆಗುವುದು ಮುಂದಿನ ಸಾಲಿಗೆ. ನಿನ್ನೆ ಬಂದ ಪೆಟ್ಟಿಗೆಯ ಅವಧಿ ಹೋದ ವರ್ಷ ಬಂದದ್ದಕ್ಕಿಂತ ಮೊದಲೇ ಮುಗಿಯಬಹುದು. ಪೆಟ್ಟಿಗೆಗಳು ನೆಲದಿಂದ 10 ಸೆಂಟಿಮೀಟರ್ ಮೇಲೆ, ಗೋಡೆಯಿಂದ 30 ಸೆಂಟಿಮೀಟರ್ ದೂರ. ಅಟ್ಟಿಯ ಎತ್ತರ ಎರಡೂವರೆ ಮೀಟರ್ ದಾಟಬಾರದು, ದಾಟಿದರೆ ತಳದ ಪೆಟ್ಟಿಗೆ ಜಜ್ಜಿಹೋಗುತ್ತದೆ. ಸ್ಟಾಕ್ ಕಾರ್ಡಿನಲ್ಲಿ ಬಂದದ್ದು, ಹೋದದ್ದು, ಉಳಿದದ್ದು, ಸಹಿ, ಇಷ್ಟನ್ನೂ ಪೆಟ್ಟಿಗೆ ಕೈಯಲ್ಲಿರುವಾಗಲೇ ಬರೆಯಬೇಕು. ಸಂಜೆ ಒಟ್ಟಿಗೆ ಬರೆಯೋಣ ಅಂದುಕೊಂಡಲ್ಲಿ ಲೆಕ್ಕ ತಪ್ಪಿತೆಂದೇ ತಿಳಿಯಿರಿ. ಮಾರ್ಫಿನ್‌ನಂಥ ನಿಯಂತ್ರಿತ ಔಷಧ ಕಣ್ಣಿಗೆ ಬಿದ್ದರೆ ಮುಟ್ಟದೆ ಮೇಲಿನವರನ್ನು ಕರೆಯಿರಿ. ಅದನ್ನು ಗಡಿ ದಾಟಿಸಲು ಎರಡೂ ದೇಶಗಳ ಪರವಾನಗಿ ಬೇಕು. ಅದೊಂದು ಬಾಟಲಿಯಿಂದ ಇಡೀ ಕಂಟೇನರ್ ಕಸ್ಟಮ್ಸ್‌ನಲ್ಲಿ ನಿಂತುಬಿಡುತ್ತದೆ.

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ, ದಿನಕ್ಕೆ ಎರಡು ಬಾರಿ ಉಷ್ಣತೆ ಬರೆಯುತ್ತಾರೆ. ಸೆಖೆಯ ಭಯ ಎಲ್ಲರಿಗೂ ಇರುತ್ತದೆ, ಹೆಪ್ಪುಗಟ್ಟುವ ಭಯ ಇರುವುದಿಲ್ಲ. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೂ ಶಕ್ತಿ ಬರುವುದಿಲ್ಲ. ಬಾಟಲಿಯ ಮೇಲಿನ ಬಣ್ಣ ಬದಲಾಗುವ ಗುರುತು ಬಿಸಿಯನ್ನು ತೋರಿಸುತ್ತದೆಯೇ ಹೊರತು ಹೆಪ್ಪುಗಟ್ಟಿದ್ದನ್ನು ತೋರಿಸದು. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೇ ಲಸಿಕೆಯ ಡಬ್ಬಿಗೆ ಇಡುವುದೇ ಇಲ್ಲಿನ ದೊಡ್ಡ ತಪ್ಪು. ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೆ ಬಳಸಬೇಕು.

ಉಗ್ರಾಣದಿಂದ ಶಿಬಿರಕ್ಕೆ ಬರೋಣ. ಇಂಟರ್ನ್‌ಗೆ ತರಬೇತಿ ಕೊಟ್ಟು ಒಪ್ಪಿಸಬಹುದಾದ ಕೆಲಸಗಳಲ್ಲಿ ಮಕ್ಕಳ ತೋಳಿನ ಸುತ್ತಳತೆ ತೆಗೆಯುವುದು ಒಂದು. 6ರಿಂದ 59 ತಿಂಗಳ ಮಕ್ಕಳಿಗೆ ಇದು. ಎಡಗೈಯನ್ನು ಮೊಣಕೈಯಲ್ಲಿ ಮಡಿಸಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ ಅಳೆದು, ನಟ್ಟನಡುವೆ ಪೆನ್ನಿನಲ್ಲಿ ಗುರುತು ಹಾಕಿ. ಆಮೇಲೆ ಕೈ ಇಳಿಬಿಡಿಸಿ, ಗುರುತಿನ ಮೇಲೆ ಅಳತೆಪಟ್ಟಿ ಸುತ್ತಿ, ಪಟ್ಟಿಯಲ್ಲಿರುವ ಪುಟ್ಟ ಕಿಟಕಿಯಲ್ಲಿ ಕಾಣುವ ಅಂಕಿಯನ್ನು ಮಿಲಿಮೀಟರಿನವರೆಗೆ ಓದಿ. 115ಕ್ಕಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. 115 ಇದ್ದು 125ಕ್ಕಿಂತ ಕಡಿಮೆಯಾದರೆ ಮಧ್ಯಮ. ಪಟ್ಟಿ ಬಿಗಿಯಾದರೆ ಚರ್ಮ ಮಡಿಚಿಕೊಂಡು ಅಂಕಿ ಇಳಿಯುತ್ತದೆ, ಸಡಿಲವಾದರೆ ನಡುವೆ ಸಂದು ಕಂಡು ಅಂಕಿ ಏರುತ್ತದೆ. ಮಗು ಅಳುತ್ತಾ ಕೈ ಬಿಗಿಹಿಡಿದರೆ ಕಾಯಬೇಕು. ತಾಯಿಯ ಮಡಿಲಲ್ಲೇ ಕೂರಿಸಿ ಅಳೆದರೆ ಎಷ್ಟೋ ಸಲೀಸು. ಅಳತೆ ಮುಗಿದ ಮೇಲೆ ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ನೋಡಿ. ಎರಡರಲ್ಲೂ ಗುಳಿ ಉಳಿದರೆ, ತೋಳಿನ ಅಳತೆ ಎಷ್ಟೇ ಇರಲಿ, ಆ ಮಗುವನ್ನು ತಕ್ಷಣ ವೈದ್ಯರ ಬಳಿಗೆ ಕಳಿಸಬೇಕು. ಊತ ಇರುವ ಮಗು ದುಂಡಗೆ ಕಾಣುತ್ತದೆ, ಆ ನೋಟಕ್ಕೆ ಮೋಸಹೋಗುವವರು ಇದ್ದೇ ಇರುತ್ತಾರೆ.

ಸಂಜೆ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅಳೆದವರ ಗುಣ ಬಯಲಾಗುತ್ತದೆ. 110, 115, 120, 125 ಹೀಗೆ ಸೊನ್ನೆ, ಐದರಲ್ಲಿ ಮುಗಿಯುವ ಅಂಕಿಗಳೇ ತುಂಬಿದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ ಎಂದರ್ಥ. 115ರ ಗಡಿಯಲ್ಲಿ ಈ ಅಂದಾಜು ಒಂದು ಮಗುವನ್ನು ಚಿಕಿತ್ಸೆಯಿಂದಲೇ ಹೊರಗಿಡಬಹುದು. ವಯಸ್ಸಿನ ಕಾಲಂನಲ್ಲಿ ಬರೀ 18 ಎಂದಿದ್ದರೆ ತಿಂಗಳೋ ವರ್ಷವೋ ಗೊತ್ತಾಗುವುದಿಲ್ಲ. ಮಕ್ಕಳಿಗೆ ತಿಂಗಳು ಎಂದು ಫಾರಂನಲ್ಲೇ ಅಚ್ಚು ಹಾಕಿಸಿ. ಅಳೆಯದೇ ಬಿಟ್ಟಲ್ಲಿ ಸೊನ್ನೆ ಬರೆಯಬೇಡಿ, ಸರಾಸರಿ ಕೆಟ್ಟುಹೋಗುತ್ತದೆ. ಖಾಲಿ ಬಿಡಿ, ಕಾರಣ ಪಕ್ಕದಲ್ಲಿ ಬರೆಯಿರಿ. ಒಂದೇ ಹೆಸರನ್ನು ಮೂರು ಬಗೆಯಲ್ಲಿ ಬರೆಯುವುದರಿಂದ ಒಬ್ಬ ರೋಗಿ ಮೂವರಾಗುತ್ತಾನೆ. ಹೆಸರಿನ ಬದಲು ನೋಂದಣಿ ಸಂಖ್ಯೆಯಿಂದಲೇ ಹುಡುಕುವ ರೂಢಿ ಇಟ್ಟುಕೊಳ್ಳಿ.

ಆರೋಗ್ಯ ಶಿಕ್ಷಣದಲ್ಲಿ ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಪುಡಿ, ಬಳಸುವುದನ್ನು ಹೇಳಿಕೊಡುವ ಪಾಳಿ ಬರುತ್ತದೆ. 2002ರಿಂದ ಬಳಕೆಯಲ್ಲಿರುವ ಸೂತ್ರದ ಒಂದು ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ, ಅದು ಒಂದು ಲೀಟರ್ ನೀರಿಗೆ. ಪೊಟ್ಟಣವನ್ನು ಪೂರ್ತಿ ಒಂದೇ ಲೋಟಕ್ಕೆ ಸುರಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಸಣ್ಣ ಪೊಟ್ಟಣಗಳೂ ಇರುವುದರಿಂದ ಲೇಬಲ್ ಓದಿಯೇ ಹೇಳಬೇಕು. ಕುದಿಸುವುದಿದ್ದರೆ ನೀರನ್ನು ಮೊದಲೇ ಕುದಿಸಿ ಆರಿಸಿ, ಬೆರೆಸಿದ ಮೇಲೆ ಕುದಿಸಬಾರದು. 24 ಗಂಟೆ ಕಳೆದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ದೊಡ್ಡ ಮಗುವಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ. ಇದನ್ನೆಲ್ಲ ಭಾಷಣ ಮಾಡಿದರೆ ಯಾರಿಗೂ ನೆನಪಿರುವುದಿಲ್ಲ. ತಾಯಂದಿರು ಮನೆಯಲ್ಲಿ ಬಳಸುವ ಪಾತ್ರೆಯನ್ನೇ ತರಿಸಿ, ಒಂದು ಲೀಟರ್ ನೀರು ಎಲ್ಲಿಗೆ ಬರುತ್ತದೆ ಎಂದು ಗೆರೆ ಹಾಕಿಕೊಟ್ಟು, ಅವರ ಕೈಯಿಂದಲೇ ಬೆರೆಸಿಸಿ. ತಪ್ಪು ಎಲ್ಲಾಗುತ್ತದೆ ಎಂದು ಆಗ ಕಾಣುತ್ತದೆ. ದುಭಾಷಿ ಜೊತೆಗಿದ್ದರೆ ಒಂದೊಂದೇ ವಾಕ್ಯ ಹೇಳಿ ನಿಲ್ಲಿ, ಮಾತನಾಡುವಾಗ ತಾಯಿಯ ಮುಖ ನೋಡಿ.

ಸೂಜಿ ಚುಚ್ಚಿಕೊಂಡರೆ ಹೇಳಲು ನಾಚಿಕೊಂಡು ಸುಮ್ಮನಾಗುವ ವಿದ್ಯಾರ್ಥಿಗಳು ಇದ್ದಾರೆ. ಹಿಂಡಬೇಡಿ, ಸೋಪು ನೀರಿನಿಂದ ತೊಳೆಯಿರಿ, ಆಗಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಶುರುಮಾಡಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಆ ಮಾತ್ರೆ ಶಿಬಿರದಲ್ಲಿ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂದು ಬಂದ ದಿನವೇ ಕೇಳಿಟ್ಟುಕೊಳ್ಳಿ.

ಕೊನೆಗೆ ಹೊರಡುವ ವಾರ. ನಿಮ್ಮ ಜಾಗಕ್ಕೆ ಬರುವವರಿಗೆ ಎರಡು ಪುಟದ ಟಿಪ್ಪಣಿ ಬರೆದಿಡಿ: ಯಾವ ಎಣಿಕೆ ಎಲ್ಲಿಗೆ ನಿಂತಿದೆ, ಯಾವ ಔಷಧದ ಅವಧಿ ಮುಂದಿನ ಮೂರು ತಿಂಗಳಲ್ಲಿ ಮುಗಿಯುತ್ತದೆ, ಕಾರ್ಡಿಗೂ ಕಪಾಟಿಗೂ ತಾಳೆಯಾಗದ್ದು ಯಾವುದು. ಫೈಲಿಗೆ "ಫೈನಲ್" ಎಂದು ಹೆಸರಿಡಬೇಡಿ, ಅಂಥವು ಆಗಲೇ ನಾಲ್ಕು ಇರುತ್ತವೆ. ದಿನಾಂಕ ಹಾಕಿ. ನಿಮ್ಮ ಫೋನಿನಲ್ಲಿ ಉಳಿದಿರುವ ರೋಗಿಗಳ ಪಟ್ಟಿ, ಫಾರಂಗಳ ಫೋಟೋ, ಗಾಯದ ಚಿತ್ರ ಎಲ್ಲವನ್ನೂ ಮೇಲ್ವಿಚಾರಕರ ಎದುರಿಗೇ ಅಳಿಸಿ. ಲಿಖಿತ ಒಪ್ಪಿಗೆ ಇದ್ದು ತೆಗೆದ ಚಿತ್ರಗಳನ್ನು ಸಂಸ್ಥೆಗೆ ಒಪ್ಪಿಸಿ, ಒಪ್ಪಿಗೆಯ ಕಾಗದವನ್ನೂ ಅದರ ಜೊತೆಗೇ ಕೊಡಿ. ನಮಸ್ಕಾರ.