ಮಗು ಬರುವ ಮುನ್ನ ಕೊಳ್ಳಬೇಕಾದದ್ದು

ಕೇಳುಗರಿಗೆಲ್ಲ ನಮಸ್ಕಾರ.

ಹೆರಿಗೆಯ ದಿನ ಹತ್ತಿರವಾದಂತೆಲ್ಲ ಮನೆಯಲ್ಲಿ ಕೊಳ್ಳಬೇಕಾದ ವಸ್ತುಗಳ ಪಟ್ಟಿಯೂ ಬೆಳೆಯುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದು, ಜಾಹೀರಾತಿನಲ್ಲಿ ಕಂಡದ್ದು, ನೆಂಟರು ಹೇಳಿದ್ದು ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ಆ ಪಟ್ಟಿಯ ಪ್ರತಿಯೊಂದು ವಸ್ತುವಿನ ಮುಂದೆಯೂ ಒಂದೇ ಪ್ರಶ್ನೆಯನ್ನು ಇಟ್ಟು ನೋಡಿ: ಮಗುವಿನ ಮೊದಲ ಆರು ವಾರಗಳಲ್ಲಿ ಇದು ಬಳಕೆಗೆ ಬರುತ್ತದೆಯೇ? ಆ ದಿನಗಳಲ್ಲಿ ಹಸುಗೂಸು ಹಾಲು ಕುಡಿಯುತ್ತದೆ, ನಿದ್ರಿಸುತ್ತದೆ, ಬಟ್ಟೆ ಒದ್ದೆ ಮಾಡಿಕೊಳ್ಳುತ್ತದೆ, ಅಳುತ್ತದೆ. ಇವಕ್ಕೆ ಬೇಕಾದದ್ದು ಮನೆಯಲ್ಲಿದ್ದರೆ, ಉಳಿದದ್ದನ್ನು ಮಗುವಿನ ಮುಖ ನೋಡಿದ ಮೇಲೆ ಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಮಲಗುವ ಜಾಗದ ವಿಷಯದಲ್ಲಿ. ನವಜಾತ ಶಿಶು ದಿನಕ್ಕೆ ಸುಮಾರು 14ರಿಂದ 17 ಗಂಟೆ ನಿದ್ರಿಸುತ್ತದೆ. ಅದರ ಕತ್ತಿನಲ್ಲಿ ಇನ್ನೂ ಬಲವಿಲ್ಲದ ಕಾರಣ, ಮೆತ್ತನೆಯ ವಸ್ತುವಿಗೆ ಮುಖ ಒತ್ತಿದರೆ ತಾನಾಗಿ ತಿರುಗಿಸಿಕೊಳ್ಳುವುದು ಅದಕ್ಕೆ ಕಷ್ಟ. ಆದ್ದರಿಂದ ಹಾಸಿಗೆ ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು, ಬಿಗಿಯಾಗಿ ಕೂರುವ ಒಂದು ಹೊದಿಕೆಯ ಹೊರತು ಅದರ ಮೇಲೆ ಬೇರೇನೂ ಇರಬಾರದು. ಅಂಗಡಿಯಲ್ಲಿ ಅಂಗೈಯಿಂದ ಹಾಸಿಗೆಯನ್ನು ಒತ್ತಿ ನೋಡಿ. ಕೈ ತೆಗೆದ ಮೇಲೂ ಗುಳಿ ಉಳಿದರೆ ಅದು ಬೇಡ. ಹಾಸಿಗೆಯ ಅಂಚಿಗೂ ತೊಟ್ಟಿಲಿನ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದಿ ಇದ್ದರೆ ಆ ಜೋಡಿಯೇ ಬೇಡ. ದಿಂಬು, ದಪ್ಪ ರಜಾಯಿ, ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆ, ಒಳಗಿಡುವ ಗೊಂಬೆಗಳು ನೋಡಲು ಮುದ್ದಾಗಿರುತ್ತವೆ ನಿಜ, ಆದರೆ ಮಲಗಿದ ಕೂಸಿನ ಉಸಿರಿಗೆ ಇವೆಲ್ಲ ಅಪಾಯಕಾರಿ. ಮಗುವನ್ನು ಪ್ರತಿ ಬಾರಿಯೂ ಅಂಗಾತ ಮಲಗಿಸಬೇಕು, ತಂದೆತಾಯಿ ಮಲಗುವ ಕೋಣೆಯಲ್ಲೇ ಅದಕ್ಕೆ ಬೇರೆ ಹಾಸಿಗೆ ಇರಬೇಕು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ.

ಇದಕ್ಕೆ ದುಬಾರಿ ತೊಟ್ಟಿಲೇ ಆಗಬೇಕೆಂದೇನೂ ಇಲ್ಲ. ಫಿನ್ಲೆಂಡ್ ಸರ್ಕಾರ 1938ರಲ್ಲಿ ಕಡಿಮೆ ಆದಾಯದ ತಾಯಂದಿರಿಗಾಗಿ ಹೆರಿಗೆ ನೆರವನ್ನು ಆರಂಭಿಸಿ, 1949ರಿಂದ ಅದನ್ನು ಎಲ್ಲ ತಾಯಂದಿರಿಗೂ ವಿಸ್ತರಿಸಿತು. ಆ ನೆರವಿನ ಭಾಗವಾಗಿ ಬರುವ ರಟ್ಟಿನ ಪೆಟ್ಟಿಗೆಯಲ್ಲಿ ಮಗುವಿನ ಬಟ್ಟೆಬರೆಯ ಜೊತೆಗೆ ಪುಟ್ಟ ಹಾಸಿಗೆಯೂ ಇರುತ್ತದೆ. ಅದನ್ನು ಪೆಟ್ಟಿಗೆಯ ತಳದಲ್ಲಿ ಹಾಸಿದರೆ ಅದೇ ಮಗುವಿನ ಮೊದಲ ಮಂಚವಾಗುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ, ಅತಿ ಚಿಕ್ಕ ಅಳತೆಯವನ್ನು ರಾಶಿ ಹಾಕಿಕೊಳ್ಳಬೇಡಿ. ಹುಟ್ಟಿದಾಗಿನ ತೂಕ ಸಾಮಾನ್ಯವಾಗಿ ಐದಾರು ತಿಂಗಳಲ್ಲಿ ಇಮ್ಮಡಿಯಾಗುತ್ತದೆ; ಕೆಲವು ಅಂಗಿಗಳು ಒಮ್ಮೆ ತೊಡಿಸುವ ಮೊದಲೇ ಬಿಗಿಯಾಗಿಬಿಡುತ್ತವೆ. ಮುಂಭಾಗದಲ್ಲಿ ಪೂರ್ತಿ ತೆರೆದುಕೊಳ್ಳುವ ಮೆದು ಹತ್ತಿಯ ಅಂಗಿಗಳನ್ನೇ ಆರಿಸಿ. ನಡುರಾತ್ರಿ ಮಂದ ಬೆಳಕಿನಲ್ಲಿ ಬೆನ್ನಿನವರೆಗೆ ಒದ್ದೆಯಾದ ಅಂಗಿಯನ್ನು ಬಿಚ್ಚುವಾಗ, ಅದನ್ನು ಮಗುವಿನ ತಲೆಯ ಮೇಲಿನಿಂದ ಎಳೆಯಬೇಕಾಗಿಲ್ಲ ಎಂಬುದು ಎಷ್ಟು ದೊಡ್ಡ ಅನುಕೂಲವೆಂದು ಆಗ ಅರಿವಾಗುತ್ತದೆ. ಕತ್ತಿನ ಬಳಿ ಲಾಡಿ, ಸಡಿಲ ಗುಂಡಿ ಇರುವ ಬಟ್ಟೆಗಳನ್ನು ಕೊಳ್ಳದಿರಿ. ಹೊಸ ಬಟ್ಟೆಯನ್ನು ಒಗೆದೇ ತೊಡಿಸಿ.

ಡೈಪರ್ ಅಥವಾ ಬಟ್ಟೆಯ ಲಂಗೋಟಿ ಮೊದಲ ವಾರಗಳಲ್ಲಿ ದಿನಕ್ಕೆ ಹತ್ತರ ಆಸುಪಾಸು ಬೇಕಾಗುತ್ತವೆ. ಆದರೂ ಒಂದೇ ಬಗೆಯ ದೊಡ್ಡ ಕಟ್ಟನ್ನು ಮುಂಚೆಯೇ ತರುವುದು ಜಾಣತನವಲ್ಲ. ಚರ್ಮಕ್ಕೆ ಯಾವುದು ಒಗ್ಗುತ್ತದೆ ಎಂಬುದು ಬಳಸಿದ ಮೇಲೆಯೇ ತಿಳಿಯುತ್ತದೆ.

ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಾಗಿ ಬಾಟಲಿಗಳ ಸಾಲನ್ನೂ ಅವನ್ನು ಕುದಿಸುವ ಯಂತ್ರವನ್ನೂ ಮೊದಲೇ ತಂದಿಡುವ ಅಗತ್ಯವಿಲ್ಲ. ಯಾವುದೋ ಕಾರಣಕ್ಕೆ ಎದೆಹಾಲು ಸಾಧ್ಯವಾಗದಿದ್ದರೆ, ವೈದ್ಯರು ಹೇಳಿದ್ದನ್ನು ಆಗ ತಂದರಾಯಿತು. ಅದರಲ್ಲಿ ಯಾವ ತಾಯಿಯೂ ತಪ್ಪಿತಸ್ಥ ಭಾವನೆ ಪಡಬೇಕಾದದ್ದಿಲ್ಲ.

ಮನೆಯಲ್ಲಿ ಇರಲೇಬೇಕಾದ ಒಂದು ಸಣ್ಣ ವಸ್ತು ಡಿಜಿಟಲ್ ಥರ್ಮಾಮೀಟರ್. ಮೂರು ತಿಂಗಳೊಳಗಿನ ಮಗುವಿನ ಮೈ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿಯಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಹಣೆಯ ಮೇಲೆ ಕೈಯಿಟ್ಟು ಮಾಡುವ ಅಂದಾಜು ಇಲ್ಲಿ ಸಾಲದು. ಪೌಡರ್ ಬೇಡ, ಅದರ ನುಣುಪಾದ ಧೂಳು ಮಗುವಿನ ಶ್ವಾಸಕೋಶವನ್ನು ಸೇರಬಲ್ಲದು. ಕಾರಿನಲ್ಲಿ ಓಡಾಡುವ ಮನೆಯವರು ಹಿಂದಕ್ಕೆ ಮುಖಮಾಡುವ ಶಿಶು ಆಸನವನ್ನು ಮೊದಲ ಪ್ರಯಾಣಕ್ಕೆ ಮುನ್ನವೇ ಅಳವಡಿಸಿರಬೇಕು. ಬಳಸಿದ ಬಟ್ಟೆಯನ್ನು ಪಡೆಯಲು ಸಂಕೋಚ ಬೇಡ, ಆದರೆ ಅಪಘಾತಕ್ಕೆ ಸಿಕ್ಕಿದೆಯೋ ಇಲ್ಲವೋ ತಿಳಿಯದ ಹಳೆಯ ಆಸನವನ್ನು ಎಂದೂ ಪಡೆಯಬೇಡಿ. ಚಕ್ರದ ವಾಕರ್ ಅಂತೂ ಯಾವ ವಯಸ್ಸಿಗೂ ಬೇಡ. ಮಕ್ಕಳಿಗೆ ಆಗುತ್ತಿದ್ದ ಪೆಟ್ಟುಗಳನ್ನು ಕಂಡು ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಇಷ್ಟೆಲ್ಲ ಬರೆದ ಪಟ್ಟಿಯಲ್ಲಿ ಬಾಣಂತಿಯ ಹೆಸರೇ ಇಲ್ಲದಿರುವುದನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ, ಕಂಡಾಗಲೆಲ್ಲ ನೊಂದಿದ್ದೇನೆ. ಹೆರಿಗೆಯ ನಂತರ ವಾರಗಟ್ಟಲೆ ರಕ್ತಸ್ರಾವವಾಗುತ್ತದೆ; ಅದಕ್ಕೆ ದಪ್ಪ ಪ್ಯಾಡುಗಳು, ಸಡಿಲವಾದ ಒಳಉಡುಪು, ಹಾಲೂಡಿಸಲು ಮುಂದೆ ತೆರೆಯುವ ಉಡುಪು, ಬೆನ್ನಿಗೆ ಆಸರೆಯಾಗುವ ಒಂದು ದಿಂಬು, ಕೈಗೆಟಕುವಂತೆ ಒಂದು ನೀರಿನ ಬಾಟಲಿ ಬೇಕೇ ಬೇಕು. ಉಡುಗೊರೆ ಏನು ತರಲಿ ಎಂದು ಕೇಳುವ ಆಪ್ತರಿಗೆ ಇವುಗಳಲ್ಲಿ ಒಂದನ್ನು ಹೇಳಿ. ಬಟ್ಟೆಯನ್ನೇ ತರುತ್ತೇವೆ ಎನ್ನುವವರಿಗೆ, ಮಗುವಿಗೆ ಆರು ತಿಂಗಳಾದಾಗ ಹಿಡಿಸುವ ಅಳತೆಯದನ್ನು ತರಲು ತಿಳಿಸಿ.